ಕುಮಟಾದ ಕಗ್ಗ ಅಕ್ಕಿ ತಗೊಳ್ಳಬಹುದಾ? ತುಮಕೂರಿನಲ್ಲಿ ಬೇಯಿಸಿ ತಿಂದು ಬರೆದದ್ದು

ಮೊದಲೇ ಹೇಳಿಬಿಡುತ್ತೇನೆ, ತಗೊಳ್ಳಿ. ಕಗ್ಗ ಅಂದರೆ ಕರಾವಳಿಯ ಕುಮಟಾ ಕಡೆ ಸಮುದ್ರದ ಉಪ್ಪು ನೀರು ನುಗ್ಗುವ ಗದ್ದೆಗಳಲ್ಲಿ ಬೆಳೆಯುವ ಕೆಂಪಕ್ಕಿ. ಕೆಂಪಕ್ಕಿ ತಿನ್ನುವ ಅಭ್ಯಾಸ ಇರುವವರು ಕಣ್ಣುಮುಚ್ಚಿ ತಗೊಳ್ಳಿ, ಇಲ್ಲದವರು ಒಂದು ಕೆಜಿ ತಂದು ಗಂಜಿ ಮಾಡಿ ನೋಡಿ. ಬೆಲೆ ಜಾಸ್ತಿ. ಬೇಯಲು ಹೊತ್ತು ಹಿಡಿಯುತ್ತದೆ. ವರ್ಷವಿಡೀ ಸಿಗುವುದಿಲ್ಲ. ಇಷ್ಟೆಲ್ಲ ಇದ್ದರೂ ನಮ್ಮ ಮನೆಯಲ್ಲಿ ಡಬ್ಬ ಖಾಲಿಯಾಗುವ ಮೊದಲೇ ಮತ್ತೆ ಹೇಳಿ ತರಿಸುವ ಅಕ್ಕಿ ಇದು. ರುಚಿ ಒಂದು ಕಾರಣ. ಅದು ಬೆಳೆಯುವ ಜಾಗ, ಆ ಜಾಗವನ್ನು ಅಲ್ಲಿನ ಊರವರು ಉಳಿಸಿಕೊಂಡಿರುವ ರೀತಿ ಇನ್ನೊಂದು ಕಾರಣ, ನನಗೆ ಅದೇ ದೊಡ್ಡದು. ಅದಕ್ಕೇ ಇಲ್ಲಿ ಕುಕ್ಕರ್ ವಿಷಲ್ ಜೊತೆಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರಿನ ವಿಷಯವೂ ಬರುತ್ತದೆ.

ನಾನು ತಂದಿದ್ದು ತುಮಕೂರಿನಲ್ಲಿ ಭಾನುವಾರ ಸೇರುವ ಒಂದು ಸಣ್ಣ ಸಾವಯವ ಸಂತೆಯಿಂದ. ಸಾಮೆ, ನವಣೆ, ಗಾಣದ ಎಣ್ಣೆ, ಜೋನಿಬೆಲ್ಲ ಇಟ್ಟುಕೊಂಡು ಕೂರುವ ಒಬ್ಬರು ಕುಮಟಾ ಕಡೆಯಿಂದ ಇದನ್ನೂ ತರಿಸುತ್ತಾರೆ. ಕೆಜಿಗೆ 120 ರೂಪಾಯಿ ಕೊಟ್ಟೆ. ಅಂಗಡಿಯ ಸೋನಾ ಮಸೂರಿಗೆ ಹೋಲಿಸಿದರೆ ಇದು ಕೈಗೆ ಹತ್ತುವ ಬೆಲೆ, ಸುಳ್ಳು ಹೇಳುವುದಿಲ್ಲ. ಬಟ್ಟೆ ಚೀಲದಲ್ಲಿ ಕಟ್ಟಿ ಕೊಟ್ಟರು. ಚೀಟಿಯಲ್ಲಿ "ಕಗ್ಗ, ಕುಮಟಾ" ಅಂತ ಪೆನ್ನಿನಲ್ಲಿ ಬರೆದಿತ್ತು. ಅಷ್ಟೇ. ಈ ಚೀಟಿಯ ಬಗ್ಗೆ ಆಮೇಲೆ ಹೇಳುತ್ತೇನೆ.

ಒಂದು ಹಿಡಿ ಅಂಗೈಗೆ ಹಾಕಿಕೊಂಡು ಬೆಳಕಿನಲ್ಲಿ ನೋಡಿ. ಕಾಳು ದಪ್ಪ. ಬಣ್ಣ ಇಟ್ಟಿಗೆ ಕೆಂಪು, ಆದರೆ ಎಲ್ಲಾ ಕಾಳು ಒಂದೇ ಥರ ಇಲ್ಲ. ಮಿಲ್ಲಿನಲ್ಲಿ ಜಾಸ್ತಿ ಉಜ್ಜಿಸಿಕೊಂಡದ್ದು ತಿಳಿ ಕೆಂಪು, ಕೆಲವದರ ಮೈಮೇಲೆ ಬಿಳಿ ಗೀರು. ನಡುವೆ ಒಂದೆರಡು ಕಾಳು ಸಿಪ್ಪೆ ಬಿಡದೆ ಭತ್ತವಾಗಿಯೇ ಉಳಿದಿರುತ್ತವೆ. ಅವನ್ನು ಎಸೆಯುವ ಮೊದಲು ತುದಿ ಮುಟ್ಟಿ ನೋಡಿ. ಮುರಿದ ಮೀಸೆಯ ತುಂಡು ಒರಟಾಗಿ ಕೈಗೆ ಸಿಗುತ್ತದೆ. ಗದ್ದೆಯಲ್ಲಿ ಈ ಮೀಸೆ ಉದ್ದವಾಗಿ, ಚೂಪಾಗಿ ನಿಂತಿರುತ್ತದೆ. ತೆನೆಗೆ ಬಾಯಿ ಹಾಕಲು ಬಂದ ಹಕ್ಕಿಗೂ ಹಂದಿಗೂ ಅದು ಚುಚ್ಚುತ್ತದೆ. ಬೆಳೆಗೆ ಕಾವಲು ಬೆಳೆಯಲ್ಲೇ ಇದೆ.

ಈಗ ಅಡುಗೆ. ನಮ್ಮದು ರಾತ್ರಿ ಮುದ್ದೆ, ಮಧ್ಯಾಹ್ನ ಅನ್ನ ಉಣ್ಣುವ ಮನೆ. ನನಗೆ ಸಿಕ್ಕಿದ್ದು ಕುಚ್ಚಲಕ್ಕಿ, ಅಂದರೆ ಭತ್ತವನ್ನು ಒಮ್ಮೆ ಬೇಯಿಸಿ ಒಣಗಿಸಿ ಅಕ್ಕಿ ಮಾಡಿದ್ದು. ನೆನೆಸದೆ ಕುಕ್ಕರಿಗೆ ಹಾಕಿದರೆ ಮೇಲೆ ಬೆಂದು ಒಳಗೆ ಗಟ್ಟಿ ಉಳಿಯುತ್ತದೆ. ರಾತ್ರಿಯೇ ನೆನೆಸಿಡಿ. ಒಂದು ಲೋಟಕ್ಕೆ ನಾಲ್ಕು ಲೋಟ ನೀರು, ಮೊದಲ ವಿಷಲ್ ಆದ ಮೇಲೆ ಉರಿ ಸಣ್ಣ ಮಾಡಿ ಆರೇಳು ವಿಷಲ್. ಇನ್ನೂ ಚೆನ್ನಾಗಿ ಬರಬೇಕಾದರೆ ಕುಕ್ಕರ್ ಬಿಟ್ಟು ದಪ್ಪ ತಳದ ಪಾತ್ರೆಯಲ್ಲಿ ಬೇಯಿಸಿ ಬಸಿಯಿರಿ. ಬಸಿದ ತಿಳಿ ನಸುಗೆಂಪಾಗಿ, ದಪ್ಪಗೆ ಇರುತ್ತದೆ. ಅದಕ್ಕೆ ಉಪ್ಪು, ಒಂದು ಚಮಚ ಮಜ್ಜಿಗೆ, ಜಜ್ಜಿದ ಶುಂಠಿ ಹಾಕಿ ಬಿಸಿಬಿಸಿ ಕುಡಿದರೆ, ಆಹಾ, ಬೇರೆ ಸೂಪು ಬೇಕಿಲ್ಲ.

ಅನ್ನ ಅಗಿಯಬೇಕು. ಸೋನಾ ಮಸೂರಿಯ ಹಾಗೆ ನುಂಗಿಸಿಕೊಂಡು ಹೋಗುವ ಅನ್ನ ಅಲ್ಲ. ಅಗಿದಷ್ಟೂ ಹಿಂದಿನಿಂದ ಒಂದು ಸಣ್ಣ ಸಿಹಿ ಬರುತ್ತದೆ. ಹುರುಳಿಕಾಳಿನ ಬಸ್ಸಾರಿಗೆ ಇದು ಎಷ್ಟು ಒಪ್ಪಿತು ಅಂದರೆ ಅಮ್ಮ ಅವತ್ತು ಮುದ್ದೆಯನ್ನೇ ಕೇಳಲಿಲ್ಲ, ಮತ್ತು ಅಮ್ಮ ಮುದ್ದೆ ಬಿಟ್ಟು ಊಟ ಮಾಡಿದ್ದು ಅಂದರೆ ನಮ್ಮ ಕಡೆಯವರಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾಗಿಲ್ಲ ಅಲ್ವಾ. ಮೊಸರನ್ನ ಚೆನ್ನಾಗಿರುತ್ತದೆ. ಗಂಜಿ ಮಾಡಿ ಮಿಡಿ ಉಪ್ಪಿನಕಾಯಿ ಜೊತೆ ಉಂಡರೆ ಎಲ್ಲದಕ್ಕಿಂತ ಚೆನ್ನ. ಚಿತ್ರಾನ್ನಕ್ಕೆ, ಪಲಾವಿಗೆ ಬೇಡ. ಕಾಳು ಕಾಳು ಬಿಡಿಯಾಗಿ ನಿಂತರೂ ಒಗ್ಗರಣೆ ಒಳಗೆ ಇಳಿಯುವುದಿಲ್ಲ.

ತುಮಕೂರಿನವರು ಅಂದ ಮೇಲೆ ತಟ್ಟೆ ಇಡ್ಲಿಗೆ ಹಾಕದೆ ಬಿಡುತ್ತೇವಾ? ಬರೀ ಕಗ್ಗದಲ್ಲಿ ಮಾಡಿದರೆ ಉಬ್ಬುವುದಿಲ್ಲ, ಅಂಟಂಟು. ಅರ್ಧ ಇಡ್ಲಿ ಅಕ್ಕಿ, ಅರ್ಧ ಕಗ್ಗ ಹಾಕಿ, ಉದ್ದು ಒಂದು ಮುಷ್ಟಿ ಜಾಸ್ತಿ ಮಾಡಿದರೆ ಸರಿಹೋಗುತ್ತದೆ. ಕ್ಯಾತ್ಸಂದ್ರದ ಬಿಳಿ ಮೆತ್ತನೆ ಇಡ್ಲಿ ಇದರಲ್ಲಿ ಬರಲ್ಲ, ನಿರೀಕ್ಷೆ ಇಟ್ಟುಕೊಳ್ಳಬೇಡಿ. ಬೂದುಗೆಂಪು ಬಣ್ಣ, ಸ್ವಲ್ಪ ಗಟ್ಟಿ. ಶೇಂಗಾ ಚಟ್ನಿ ಜೊತೆ ಎರಡು ತಿಂದರೆ ಮಧ್ಯಾಹ್ನದವರೆಗೆ ಹಸಿವಿನ ಮಾತಿಲ್ಲ. ದೋಸೆ ಮಾತ್ರ ತುಂಬಾ ಚೆನ್ನಾಗಿ ಬಂತು, ಅಂಚು ಗರಿಗರಿ.

ಮನೆಗೆ ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ. ಉಪ್ಪು ನೀರಲ್ಲಿ ಬೆಳೆದದ್ದಂತೆ, ಅನ್ನ ಉಪ್ಪಾಗಿರುತ್ತಾ? ಇಲ್ಲ. ಚೂರೂ ಇಲ್ಲ. ಸಾರಿಗೆ ಹಾಕುವಷ್ಟೇ ಉಪ್ಪು ಹಾಕಬೇಕು.

ಉಪ್ಪಾಗದೆ ಹೇಗೆ ಬೆಳೆಯುತ್ತದೆ ಅನ್ನುವುದೇ ಸೊಗಸು. ಅಘನಾಶಿನಿ ಶಿರಸಿ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಎಲ್ಲೂ ಅಣೆಕಟ್ಟು ಕಟ್ಟಿಸಿಕೊಳ್ಳದೆ ತದಡಿ ಹತ್ತಿರ ಸಮುದ್ರ ಸೇರುವ ನದಿ. ಅಳಿವೆಯಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಆ ನೀರು ನುಗ್ಗುವ ತಗ್ಗು ಗದ್ದೆಗಳಿಗೆ ಅಲ್ಲಿ ಗಜನಿ ಅನ್ನುತ್ತಾರೆ. ಕುಮಟಾ ತಾಲ್ಲೂಕಿನ ಮಾಣಿಕಟ್ಟಾ ಗಜನಿ ಇದರಲ್ಲಿ ಹೆಸರುವಾಸಿ. ಗದ್ದೆ ಸುತ್ತ ಕಟ್ಟೆ, ಕಟ್ಟೆಗೆ ಹಲಗೆ ಬಾಗಿಲು. ಜೂನ್ ಮಳೆ ಬಿದ್ದು ಗದ್ದೆಯ ಉಪ್ಪೆಲ್ಲ ತೊಳೆದುಹೋದ ಮೇಲೆ ಮೊಳಕೆ ಬರಿಸಿದ ಬೀಜ ಚೆಲ್ಲುತ್ತಾರೆ. ಗೊಬ್ಬರ ಇಲ್ಲ, ಔಷಧಿ ಇಲ್ಲ, ನದಿ ತಂದ ಮೆಕ್ಕಲು ಮಣ್ಣೇ ಗೊಬ್ಬರ. ಪೈರು ಎತ್ತರಕ್ಕೆ ಬೆಳೆಯುತ್ತದೆ. ನೆರೆ ಬಂದು ಕೆಲವು ದಿನ ಮುಳುಗಿದರೂ, ನಡುವೆ ಸ್ವಲ್ಪ ಉಪ್ಪು ನೀರು ಒಳಗೆ ಬಂದರೂ ತಡೆದುಕೊಳ್ಳುತ್ತದೆ. ಕೊಯ್ಲಿನಲ್ಲಿ ತೆನೆ ಮಾತ್ರ ಕತ್ತರಿಸಿಕೊಂಡು ಹುಲ್ಲನ್ನು ನೀರಿನಲ್ಲೇ ಬಿಡುತ್ತಾರೆ. ಆಮೇಲೆ ಬಾಗಿಲು ತೆಗೆದು ಉಪ್ಪು ನೀರು ಒಳಗೆ ಬಿಟ್ಟರೆ ಭರತದ ಜೊತೆ ಸೀಗಡಿ ಮರಿ, ಮೀನು ಮರಿ ತಾವೇ ಬರುತ್ತವೆ. ಕೊಳೆತ ಹುಲ್ಲು ಅವುಗಳಿಗೆ ಮೇವು. ಒಂದೇ ಗದ್ದೆ, ಮಳೆಗಾಲಕ್ಕೆ ಅಕ್ಕಿ, ಬೇಸಿಗೆಗೆ ಸೀಗಡಿ. ಕೇರಳದ ಪೊಕ್ಕಾಳಿ, ಗೋವಾದ ಖಜಾನ್ ಗದ್ದೆಗಳೂ ಇದೇ ಜಾತಿಯವು.

ಇದರಲ್ಲಿ ಕಾಂಡ್ಲಾ ಎಲ್ಲಿ ಬಂತು? ಕಟ್ಟೆಯ ಹೊರಗೆ. ಕಾಂಡ್ಲಾ ಅಂದರೆ ಮ್ಯಾಂಗ್ರೋವ್ ಗಿಡ. ನಾವು ಗೋಕರ್ಣಕ್ಕೆ ಹೋದಾಗ ದಾರಿ ತಪ್ಪಿಸಿಕೊಂಡಾದರೂ ಗಜನಿ ನೋಡಿಯೇ ಬರಬೇಕು ಅಂತ ಹೊರಟೆವು. ನಮ್ಮೂರ ನಡುವೆ ಹಾದುಹೋಗುವ ಬಿ.ಎಚ್. ರಸ್ತೆಯನ್ನೇ ಹಿಡಿದು ತಿಪಟೂರು, ಅರಸೀಕೆರೆ, ಶಿವಮೊಗ್ಗ, ಸಾಗರ ದಾಟಿ ಹೊನ್ನಾವರದಲ್ಲಿ ಇಳಿದು ಬಲಕ್ಕೆ ತಿರುಗಿದರೆ ಕುಮಟಾ. ಕಟ್ಟೆ ಮೇಲೆ ನಿಂತು ನೋಡಿದರೆ ಒಂದು ಕಡೆ ತೆನೆ ಕೊಯ್ದ ಗದ್ದೆ, ಇನ್ನೊಂದು ಕಡೆ ಕಪ್ಪು ಕೆಸರಿನಲ್ಲಿ ಹತ್ತಾರು ಕಾಲು ಊರಿಕೊಂಡು ನಿಂತ ಗಿಡಗಳು. ಕೆಲವು ಜಾತಿಗೆ ಹೀಗೆ ಕಾಲಿನಂಥ ಬೇರು. ಇನ್ನು ಕೆಲವಕ್ಕೆ ಕೆಸರಿನಿಂದ ಮೇಲಕ್ಕೆ ಚಾಚಿದ ಕಡ್ಡಿ ಕಡ್ಡಿ ಬೇರು, ಗಿಡ ಉಸಿರಾಡುವುದೇ ಅದರಲ್ಲಿ. ಒಂದು ಎಲೆಯನ್ನು ತಿರುವಿ ನಾಲಿಗೆಗೆ ಮುಟ್ಟಿಸಿದೆ, ನಿಜಕ್ಕೂ ಉಪ್ಪು! ಬೇರಿನಲ್ಲಿ ಹೀರಿದ ಉಪ್ಪನ್ನು ಆ ಗಿಡ ಎಲೆಯಿಂದ ಹೊರಗೆ ಹಾಕುತ್ತದೆ. ಪಕ್ಕದ ಗಿಡದಲ್ಲಿ ಬೀಜ ಕೊಂಬೆಯಲ್ಲಿದ್ದಾಗಲೇ ಮೊಳೆತು, ನುಗ್ಗೆಕಾಯಿ ಉದ್ದಕ್ಕೆ ಜೋತಾಡುತ್ತಿತ್ತು. ಹಣ್ಣಾದ ಮೇಲೆ ನೇರ ಕೆಸರಿಗೆ ಬಿದ್ದು ಚುಚ್ಚಿಕೊಂಡು ಬೇರು ಬಿಡುತ್ತದೆ, ಇಲ್ಲವೇ ನೀರಿನಲ್ಲಿ ತೇಲಿ ಹೋಗಿ ಬೇರೆಲ್ಲೋ ನೆಲೆ ಹಿಡಿಯುತ್ತದೆ.

ಈ ಬೇರುಗಳು ಮಾಡುವ ಕೆಲಸ ಸುಮ್ನೆ ಅಲ್ಲ. ಭರತದ ಹೊಡೆತ ಕಟ್ಟೆಗೆ ನೇರ ಬಡಿಯದ ಹಾಗೆ ಮುರಿಯುತ್ತವೆ, ಮಣ್ಣು ಹಿಡಿದಿಡುತ್ತವೆ. ಬೇರಿನ ಸಂದಿಯಲ್ಲಿ ಮೀನು, ಏಡಿ, ಸೀಗಡಿ ಮರಿ ಬೆಳೆಯುತ್ತವೆ. ಉದುರಿದ ಎಲೆ ಕೊಳೆತು ಅಳಿವೆಗೆಲ್ಲ ಮೇವಾಗುತ್ತದೆ. ಅಲ್ಲಿಂದ ಕೆಳಗೆ ನೂರಾರು ಮನೆಯ ಹೆಂಗಸರು ಸೊಂಟದ ನೀರಿನಲ್ಲಿ ನಿಂತು ಆರಿಸುವ ಬಳಚು, ಅಂದರೆ ತಿನ್ನುವ ಚಿಪ್ಪಿ, ಅದೂ ಇದೇ ಅಳಿವೆಯದ್ದು. ಇದನ್ನೆಲ್ಲ ಮೊದಲು ತಿಳಿದವರು ಗಜನಿಯ ರೈತರೇ. ಕಟ್ಟೆಯ ಹೊರಮೈಗೆ ಕಾಂಡ್ಲಾ ಇರಲಿ ಅಂತ ನೆಟ್ಟು, ಕಡಿಯದೆ ಕಾಪಾಡಿಕೊಂಡು ಬಂದವರು ಅವರು. ಕೇರಳದ ಕಣ್ಣೂರಿನ ಕಲ್ಲೇನ್ ಪೊಕ್ಕುಡನ್ ಕೂಡ ಗದ್ದೆ ಕೆಲಸದ ಮನುಷ್ಯ. ಮಕ್ಕಳು ಶಾಲೆಗೆ ಹೋಗುವ ಕಟ್ಟೆ ದಾರಿಯಲ್ಲಿ ಗಾಳಿ, ಅಲೆಯ ಹೊಡೆತ ತಪ್ಪಲಿ ಅಂತ 1989ರಲ್ಲಿ ಪಳಯಂಗಾಡಿಯ ಹೊಳೆದಂಡೆಯಲ್ಲಿ ಕಾಂಡ್ಲಾ ನೆಡಲು ಶುರು ಮಾಡಿದವರು, 2015ರಲ್ಲಿ ತೀರಿಕೊಳ್ಳುವವರೆಗೂ ನಿಲ್ಲಿಸಲಿಲ್ಲ.

ಒಂದು ವಿಷಯ ನೇರವಾಗಿ ಹೇಳಬೇಕು. ಕಾಂಡ್ಲಾ ಎಲ್ಲಿದ್ದರೂ ಒಳ್ಳೆಯದು ಅಂತ ಗಜನಿ ರೈತರು ಒಪ್ಪುವುದಿಲ್ಲ, ಅವರ ಮಾತಿನಲ್ಲಿ ನ್ಯಾಯ ಇದೆ. ಬೇಸಾಯ ಬಿಟ್ಟ ಗದ್ದೆಯೊಳಗೆ ತೇಲಿ ಬಂದ ಬೀಜ ಬೇರು ಬಿಟ್ಟರೆ ನಾಲ್ಕೈದು ವರ್ಷಕ್ಕೆ ಅದು ಕಾಡು, ಮತ್ತೆ ಭತ್ತ ಹಾಕಲು ಆಗುವುದಿಲ್ಲ. ಹೊರಗೆ ಕಾಂಡ್ಲಾ, ಒಳಗೆ ಕಗ್ಗ, ನಡುವೆ ಕಟ್ಟೆ. ಮೂರೂ ಅದರದರ ಜಾಗದಲ್ಲಿ ಇರಬೇಕಾದರೆ ವರ್ಷವರ್ಷವೂ ಯಾರಾದರೂ ಒಳಗೆ ಬೆಳೆ ತೆಗೆಯುತ್ತಿರಬೇಕು. ಬೆಳೆ ತೆಗೆಯಲು ಅಕ್ಕಿಗೆ ಬೆಲೆ ಬರಬೇಕು. ಕೆಸರಿನಲ್ಲಿ ಎದೆಮಟ್ಟ ಇಳಿದು ತೆನೆ ಕೊಯ್ಯಲು ಆಳು ಸಿಗುವುದು ಕಷ್ಟ, ಇಳುವರಿ ಕಡಿಮೆ, ಕಟ್ಟೆ ಒಂದು ಕಡೆ ಒಡೆದರೆ ಇಡೀ ಗಜನಿಗೆ ಉಪ್ಪು. ಸೀಗಡಿಗೆ ಗುತ್ತಿಗೆ ಕೊಟ್ಟರೆ ಕೈಗೆ ಸುಲಭಕ್ಕೆ ದುಡ್ಡು. ಹಾಗಾಗಿ ಎಷ್ಟೋ ಗಜನಿಗಳಲ್ಲಿ ಭತ್ತ ನಿಂತೇ ಹೋಗಿದೆ. ನಾನು ಕೊಡುವ 120 ರೂಪಾಯಿಯನ್ನು ನಾನು ಹೀಗೆ ಲೆಕ್ಕ ಹಾಕುತ್ತೇನೆ. ಅದರಲ್ಲಿ ಅಕ್ಕಿಯ ಬೆಲೆ ಇದೆ, ಕಟ್ಟೆಗೆ ಮಣ್ಣು ಹಾಕುವ ಕೂಲಿಯೂ ಇದೆ.

ಬಯಲುಸೀಮೆಯ ನಮಗೆ ಇದು ಪೂರ್ತಿ ಹೊಸದೇನಲ್ಲ. ತುಮಕೂರು, ಕೋಲಾರದ ಕೆರೆಗಳಿಗೆ ನೀರುಗಂಟಿ ಇದ್ದರು. ತೂಬು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ಏರಿಯಲ್ಲಿ ಎಲ್ಲಿ ಬಿಲ ಬಿದ್ದಿದೆ, ಎಲ್ಲ ಅವರ ಕಣ್ಣಲ್ಲಿ. ಸುಗ್ಗಿಯಲ್ಲಿ ಊರವರು ಕಾಳು ಅಳೆದು ಕೊಡುತ್ತಿದ್ದರು. ಗಜನಿಯಲ್ಲೂ ಬಾಗಿಲು ನೋಡಿಕೊಳ್ಳಲು ಊರೊಟ್ಟಿಗೆ ಒಬ್ಬರನ್ನು ಇಟ್ಟುಕೊಳ್ಳುತ್ತಾರೆ, ಅವರ ಗಡಿಯಾರ ಭರತ ಇಳಿತ. ನಮ್ಮಲ್ಲಿ ಕೆರೆ ಸರ್ಕಾರದ್ದಾಯಿತು, ಕೊಳವೆಬಾವಿ ಬಂತು, ನೀರುಗಂಟಿ ಹೋದರು, ಏರಿ ಮೇಲೆ ಜಾಲಿ ಬೆಳೆಯಿತು. ಅಲ್ಲೂ 1970ರ ದಶಕದಲ್ಲಿ ಗದ್ದೆಗೆ ಉಪ್ಪು ನೀರು ನುಗ್ಗದಂತೆ ತಡೆಯುವ ಖಾರ್‌ಲ್ಯಾಂಡ್ ಯೋಜನೆಯಲ್ಲಿ ಸರ್ಕಾರವೇ ಗಟ್ಟಿ ಕಟ್ಟೆ ಕಟ್ಟಿಸಿತು. ಅದಾದ ಮೇಲೂ ಊರೊಟ್ಟಿನ ಕೆಲಸವನ್ನು ಉಳಿಸಿಕೊಂಡ ಗಜನಿಗಳು ಇವೆಯಲ್ಲ, ಅದು ನನಗೆ ದೊಡ್ಡ ವಿಷಯ.

ಇನ್ನು ಊರವರು ಮನಸ್ಸು ಮಾಡಿದರೆ ಏನಾಗುತ್ತದೆ ಅಂತ ನೋಡಲು ನಾವು ಕರಾವಳಿಗೇ ಹೋಗಬೇಕಿಲ್ಲ. ಶಿರಾ ತಾಲ್ಲೂಕಿನ ಕಗ್ಗಲಡು ಇದೆ. ಊರ ನಡುವಿನ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆ, ಬೂದು ಬಕ ಗೂಡು ಕಟ್ಟುತ್ತವೆ. ಮರದ ಕೆಳಗೆ ಹಿಕ್ಕೆ, ಕೊಳೆತ ಮೀನಿನ ವಾಸನೆ, ಮರಿಗಳ ಗಲಾಟೆ, ಎಲ್ಲವನ್ನೂ ಊರವರು ಸಹಿಸುತ್ತಾರೆ, ಗೂಡಿರುವ ಮರದ ಹುಣಸೆಹಣ್ಣಿನ ಆಸೆ ಬಿಡುತ್ತಾರೆ. ಹೊರಗಿನವರಿಗೆ ಈ ಊರಿನ ಸುದ್ದಿ ಗೊತ್ತಾಗಿದ್ದು 1999ರಲ್ಲಿ. ಹಕ್ಕಿಗಳನ್ನು ಊರವರು ಅದಕ್ಕೂ ಮೊದಲಿನಿಂದ ಕಾಯುತ್ತಿದ್ದರು.

ಅಘನಾಶಿನಿ ಅಳಿವೆಗೆ 2024ರ ಜನವರಿ ಕೊನೆಯಲ್ಲಿ ರಾಮ್ಸರ್ ಮಾನ್ಯತೆ, ಅಂದರೆ ಮುಖ್ಯವಾದ ಜೌಗು ಪ್ರದೇಶ ಅನ್ನುವ ಅಂತರರಾಷ್ಟ್ರೀಯ ಗುರುತು ಸಿಕ್ಕಿತು, ಅಂಕಸಮುದ್ರ ಪಕ್ಷಿಧಾಮ ಮತ್ತು ಮಾಗಡಿ ಕೆರೆಯ ಜೊತೆಯಲ್ಲೇ. (ಮಾಗಡಿ ಅಂದರೆ ನಮ್ಮ ಪಕ್ಕದ ಮಾಗಡಿ ಅಲ್ಲ, ಗದಗ ಜಿಲ್ಲೆಯದ್ದು.) 4,801 ಹೆಕ್ಟೇರ್. ಒಳ್ಳೆಯ ಸುದ್ದಿ. ಆದರೆ ಅದಕ್ಕಿಂತ ಮೊದಲು ಇದೇ ತದಡಿಯಲ್ಲಿ 4,000 ಮೆಗಾವ್ಯಾಟ್ ಕಲ್ಲಿದ್ದಲು ವಿದ್ಯುತ್ ಸ್ಥಾವರ ಬರುವುದಿತ್ತು, ಅದನ್ನು ಬೇಡ ಅಂದವರು ಅಲ್ಲಿನ ಮೀನುಗಾರರು, ಗಜನಿ ರೈತರು, ಚಿಪ್ಪಿ ಆರಿಸುವವರು. ಅವತ್ತು ಅವರು ಸುಮ್ಮನಿದ್ದಿದ್ದರೆ ಇವತ್ತು ಮಾನ್ಯತೆ ಕೊಡಲು ಏನು ಉಳಿದಿರುತ್ತಿತ್ತು? ದೇಶದಲ್ಲಿ ಒಟ್ಟು ಸುಮಾರು 4,990 ಚದರ ಕಿಲೋಮೀಟರ್ ಕಾಂಡ್ಲಾ ಇದ್ದರೆ ಕರ್ನಾಟಕದಲ್ಲಿ ಇರುವುದು ಬರೀ 13ರ ಆಸುಪಾಸು. ಇಷ್ಟು ಚಿಕ್ಕದನ್ನು ಕಳೆದುಕೊಳ್ಳಲು ಒಂದು ಯೋಜನೆ ಸಾಕು.

ಸರಿ, ಮತ್ತೆ ಅಕ್ಕಿಗೆ ಬರುತ್ತೇನೆ, ದೂರುಗಳೂ ಇವೆ.

ಮೊದಲನೆಯದು ಆ ಚೀಟಿ. "ಕಗ್ಗ, ಕುಮಟಾ" ಅಂದರೆ ಸಾಲದು. ಯಾವ ಊರಿನ ಗಜನಿ, ಯಾವ ವರ್ಷದ ಬೆಳೆ, ಕುಚ್ಚಲೋ ಬೆಳ್ತಿಗೆಯೋ (ಭತ್ತ ಬೇಯಿಸದೆ ಮಾಡಿದ್ದು), ಇಷ್ಟಾದರೂ ಬರೆಯಬೇಕು. ಕೇಳಿದರೆ ಆ ಮಾರಾಟಗಾರರು ತಾಳ್ಮೆಯಿಂದ ಎಲ್ಲ ಹೇಳುತ್ತಾರೆ, ಫೋನಿನಲ್ಲಿ ಗದ್ದೆಯ ಫೋಟೋ ತೋರಿಸುತ್ತಾರೆ, ಅದಕ್ಕೆ ಪೂರ್ತಿ ಅಂಕ. ಆದರೆ ಅವರು ಇಲ್ಲದ ದಿನ ಅಂಗಡಿಯಲ್ಲಿ ಕೂತ ಹುಡುಗನಿಗೆ ಅದು ಬರೀ ಕೆಂಪಕ್ಕಿ. ಇದು ಯಾಕೆ ಮುಖ್ಯ ಅಂದರೆ, ಆನ್‌ಲೈನ್‌ನಲ್ಲಿ ಒಂದು ಕಡೆ ಕಗ್ಗ ಅಂತ ಬರೆದ ಪ್ಯಾಕೆಟ್ ತರಿಸಿದ್ದೆ. ಬಂದದ್ದು ಸಣ್ಣ, ನುಣ್ಣಗಿನ, ಎಲ್ಲಾ ಕಾಳೂ ಒಂದೇ ಬಣ್ಣದ ಅಕ್ಕಿ. ಎಲ್ಲಿಯದು ಅಂತ ಬರೆದು ಕೇಳಿದೆ. "ಕರಾವಳಿ ಕರ್ನಾಟಕ" ಅಂತ ಉತ್ತರ ಬಂತು. ಕರಾವಳಿಯ ಎಲ್ಲ ಕೆಂಪಕ್ಕಿಯೂ ಕಗ್ಗ ಅಲ್ಲ. ಗಜನಿಯ ಹೆಸರು ಹೇಳಲು ಬರದವರ ಹತ್ತಿರ ಈ ಬೆಲೆ ಕೊಡಬೇಡಿ. ಕೇರಳದ ಪೊಕ್ಕಾಳಿಗೆ ಜಿಐ ಟ್ಯಾಗ್ (ಇಂಥ ಜಾಗದ್ದೇ ಅನ್ನುವ ಸರ್ಕಾರಿ ಗುರುತು) ಇದೆ, ಅಲ್ಲಿನ ರೈತರಿಗೆ ಕೈಯಲ್ಲಿ ಹಿಡಿದು ತೋರಿಸಲು ಒಂದು ಕಾಗದ ಇದೆ. ನಮ್ಮ ಚೀಲದ ಮೇಲೂ ನಂಬಬಹುದಾದ ಗುರುತು ಒಂದು ಇರಲಿ ಅನ್ನುವುದು ನನ್ನ ಆಸೆ.

ಎರಡನೆಯದು ಕಲ್ಲು. ಜಾಸ್ತಿ ಇಲ್ಲ, ಆದರೆ ಇದೆ. ಮೊರದಲ್ಲಿ ಕೇರಿ, ಆರಿಸಿಯೇ ಹಾಕಿ. ಈ ಬೆಲೆಗೆ ಶುಚಿ ಮಾಡಿ ಕೊಡಬಹುದಿತ್ತು. ಮೂರನೆಯದು ಹುಳು. ತೌಡು ಉಳಿದಿರುವ ಅಕ್ಕಿ, ತುಮಕೂರಿನ ಏಪ್ರಿಲ್ ಬಿಸಿಲಿಗೆ ಬೇಗ ಹುಳು ಹಿಡಿಯುತ್ತದೆ. ತಂದ ದಿನವೇ ನೆರಳಿನಲ್ಲಿ ಹರಡಿ ಆರಿಸಿ, ಬೇವಿನೆಲೆ ಹಾಕಿ ಗಾಳಿಯಾಡದ ಡಬ್ಬದಲ್ಲಿಡಿ. ಮೂಟೆ ಕಟ್ಟಿಸಿಕೊಂಡು ಬರಬೇಡಿ, ಎರಡು ತಿಂಗಳಿಗೆ ಆಗುವಷ್ಟು ಸಾಕು.

ಯಾರಿಗೆ ಬೇಡ? ಹಲ್ಲಿನ ತೊಂದರೆ ಇರುವ ಹಿರಿಯರಿಗೆ ಅನ್ನವಾಗಿ ಬೇಡ, ಗಂಜಿಯಾಗಿ ಕೊಡಿ. ಬೆಳಗ್ಗೆ ಎದ್ದು ಹದಿನೈದು ನಿಮಿಷದಲ್ಲಿ ಡಬ್ಬಿ ಕಟ್ಟಬೇಕಾದವರಿಗೆ ಬೇಡ. ಮನೆಯವರೆಲ್ಲ ಬಿಳಿ ಅನ್ನಕ್ಕೇ ಒಗ್ಗಿದ್ದರೆ ದಿನಾ ಇದನ್ನೇ ಬಡಿಸಿ ಜಗಳ ಮಾಡಿಕೊಳ್ಳಬೇಡಿ. ವಾರಕ್ಕೆ ಎರಡು ಹೊತ್ತು, ಒಂದು ಗಂಜಿ, ಒಂದು ದೋಸೆ, ಹೀಗೆ ಶುರು ಮಾಡಿ. ಸಕ್ಕರೆ ಕಾಯಿಲೆಗೆ ಔಷಧಿ ಅಂತ ಹೇಳಿ ಮಾರುವವರೂ ಇದ್ದಾರೆ. ಆ ಮಾತು ಕೇಳಿ ತಗೊಳ್ಳಬೇಡಿ, ಊಟದ ವಿಷಯ ನಿಮ್ಮ ಡಾಕ್ಟರ್ ಹತ್ತಿರ ಕೇಳಿ.

ಐದಕ್ಕೆ ಅಂಕ ಕೊಡು ಅಂದರೆ ರುಚಿಗೆ ನಾಲ್ಕು, ಶುಚಿಗೆ ಮೂರು, ಚೀಟಿಗೆ ಒಂದು, ಬೆಲೆಗೆ ನಾಲ್ಕು. ಬೆಲೆಗೆ ಇಷ್ಟು ಯಾಕೆ ಅಂತ ಮೇಲೆಯೇ ಹೇಳಿದ್ದೇನೆ. ಹೊಸ ಅಕ್ಕಿ ಬರುವುದು ಮಳೆಗಾಲದ ಬೆಳೆ ಕೊಯ್ದು, ಬೇಯಿಸಿ, ಒಣಗಿಸಿ, ಮಿಲ್ಲಿಗೆ ಹಾಕಿದ ಮೇಲೆ. ಹಾಗಾಗಿ ದೀಪಾವಳಿ ಕಳೆದ ಕೂಡಲೇ ಮಾರಾಟಗಾರರ ಹತ್ತಿರ ಹೆಸರು ಬರೆಸಿಡಿ, ಬೇಸಿಗೆಯಲ್ಲಿ ಹೋಗಿ ಕೇಳಿದರೆ ಚೀಲ ಖಾಲಿ ಇರುತ್ತದೆ. ಬರೆಸುವಾಗ ಯಾವ ಗಜನಿಯದು ಅಂತ ಕೇಳಿ. ಹತ್ತು ಜನ ಕೇಳಿದರೆ ಮುಂದಿನ ಸಲ ಚೀಟಿಯ ಮೇಲೆ ಅವರೇ ಬರೆಯುತ್ತಾರೆ.